ಎಂಜಿನ್ನಿಗೆ ಎರಡು ತಿದಿ

ಅಮೆರಿಕದ ಕೊಲರಾಡೊ ಸಂಸ್ಥಾನದ ಡೆನ್ವರ್ ನಗರವನ್ನು ಬಿಟ್ಟು ಪಡುವಣಕ್ಕೆ ಹೊರಟ ಹೆದ್ದಾರಿಯು ರಾಕಿ ಪರ್ವತಗಳನ್ನು ಏರುತ್ತ ಏರುತ್ತ, ಸಮುದ್ರಮಟ್ಟದಿಂದ 11,000 ಅಡಿಗೂ ಮಿಗಿಲಾದ ಎತ್ತರದಲ್ಲಿ ಐಸೆನ್‌ಹೋವರ್ ಸುರಂಗವನ್ನು ಹೊಗುತ್ತದೆ. 1973ರಲ್ಲಿ ತೆರೆದ ಈ ಸುರಂಗದ ದಾರಿ ಪ್ರವಾಸಿಗನ ಕಣ್ಣಿಗೆ ಹಬ್ಬ. ಆದರೆ ಕುದುರೆಗಳ ಬಂಡಿಯನ್ನೋ, ಚಕ್ರದ ಮೇಲಿನ ಮನೆಯನ್ನೋ ಹಿಂದೆ ಕಟ್ಟಿಕೊಂಡು ಹೊರಟ ಡೀಸೆಲ್ ಪಿಕಪ್ ಗಾಡಿಯ ಒಡೆಯನಿಗೆ ಅದು ಸತ್ವಪರೀಕ್ಷೆ. ಅರ್ಧ ಬೆಟ್ಟ ಏರುವಷ್ಟರಲ್ಲಿ ವೇಗ ಕುಗ್ಗುತ್ತದೆ. ಹಿಂದಿನಿಂದ ಕರಿಹೊಗೆ ಏಳುತ್ತದೆ. ಶಾಖಮಾಪಕದ ಮುಳ್ಳು ಅಪಾಯದ ಗೆರೆಯತ್ತ ಸರಿಯುತ್ತದೆ. ಇದಕ್ಕೆ ಕಾರಣ ಎಣ್ಣೆಯ ಕೊರತೆಯಲ್ಲ, ಗಾಳಿಯ ಕೊರತೆ. ಸುರಂಗದ ಬಾಯಲ್ಲಿ ಗಾಳಿಯ ಒತ್ತಡವು ಕಡಲ ತೀರದಲ್ಲಿರುವುದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ.

ಈ ಕೊರತೆಯನ್ನು ನೀಗಲು ಅಲ್ಲಿನ ಕೆಲವು ಸಾಹಸಿಗಳು ತಮ್ಮ ಮನೆಯ ಷೆಡ್ಡುಗಳಲ್ಲಿಯೇ ಒಂದು ಉಪಾಯವನ್ನು ಕೈಗೊಳ್ಳುತ್ತಾರೆ. ಎಂಜಿನ್ನಿಗೆ ಒಂದರ ಬದಲು ಎರಡು ಟರ್ಬೊಗಳನ್ನು, ಅದೂ ಒಂದರ ಹಿಂದೆ ಒಂದನ್ನು, ಜೋಡಿಸುವುದೇ ಆ ಉಪಾಯ.

ಹೊಗೆಯಿಂದಲೇ ಉಸಿರು

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಸಾಧನವಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಅದು ಕಾಯುತ್ತದೆ; ಕಾದ ಗಾಳಿಗೆ ಎಣ್ಣೆಯನ್ನು ಸಿಂಪಡಿಸಿದೊಡನೆ ಹೊತ್ತಿಕೊಳ್ಳುತ್ತದೆ. ಸೌದೆ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತ ಗೃಹಿಣಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಸೌದೆ ಎಷ್ಟೇ ತುರುಕಿದರೂ ಗಾಳಿಯಿಲ್ಲದಿದ್ದರೆ ಬರುವುದು ಹೊಗೆಯೇ ಹೊರತು ಉರಿಯಲ್ಲ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಪೇಟೆಂಟು ಪಡೆದದ್ದು ಇಂತಹ ಊದುಗೊಳವೆಯೊಂದಕ್ಕೆ. ಎಂಜಿನ್ನು ಹೊರಗೆ ಉಗುಳುವ ಬಿಸಿ ಹೊಗೆಯಲ್ಲಿ ಬಹಳಷ್ಟು ಶಕ್ತಿ ವ್ಯರ್ಥವಾಗುತ್ತದೆ. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರದಿಂದ ಎಂಜಿನ್ನಿಗೆ ಗಾಳಿಯನ್ನು ಏಕೆ ಅದುಮಬಾರದು? ಈ ಯೋಚನೆ ಫಲಿಸಲು ಇಪ್ಪತ್ತು ವರ್ಷ ಹಿಡಿಯಿತು. 1925ರಲ್ಲಿ ಬ್ಯೂಖಿಯು ಡೀಸೆಲ್ ಎಂಜಿನ್ನಿನ ಶಕ್ತಿಯನ್ನು ಶೇಕಡಾ 40ರಷ್ಟು ಹೆಚ್ಚಿಸಿ ತೋರಿಸಿದನು.

ಅಷ್ಟರಲ್ಲಿ ಇದೇ ಕೊಲರಾಡೊ ಇನ್ನೊಂದು ಪ್ರಯೋಗವನ್ನು ಕಂಡಿತ್ತು. 1918ರಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬ ಎಂಜಿನಿಯರ್ ವಿಮಾನದ ಎಂಜಿನ್ನೊಂದನ್ನು 14,000 ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಸಾಗಿಸಿದನು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ನು ಮೇಲೆ 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದೊಡನೆ 356ಕ್ಕೆ ಏರಿತು! ಬೆಟ್ಟವು ಕಸಿದುಕೊಂಡದ್ದನ್ನು ಹೊಗೆಯು ಹಿಂದಿರುಗಿಸಿತ್ತು.

ಒಂದು ಸಾಲದೆ?

1989ರಲ್ಲಿ ಡಾಡ್ಜ್ ಪಿಕಪ್ಪಿಗೆ ಕಮಿನ್ಸ್ ಸಂಸ್ಥೆಯ 5.9 ಲೀಟರಿನ ಆರು ಸಿಲಿಂಡರಿನ ಟರ್ಬೊ ಡೀಸೆಲ್ ಎಂಜಿನ್ನು ಬಂದಿತು. ಅದರ ಶಕ್ತಿ 160 ಅಶ್ವಶಕ್ತಿ. ಮೈಕಟ್ಟು ಮಾತ್ರ ಅದಕ್ಕಿಂತ ಬಹಳ ಹೆಚ್ಚಿನದನ್ನು ತಾಳುವಂತಹುದು. ಒಡೆಯರಿಗೆ ಆಸೆ ಹುಟ್ಟಿದ್ದು ಸಹಜ.

ಆದರೆ ಒಂದೇ ಟರ್ಬೊದಲ್ಲಿ ಒಂದು ತೊಡಕುಂಟು. ಚಿಕ್ಕ ಟರ್ಬೊ ಬೇಗ ಎಚ್ಚೆತ್ತು ಗಾಡಿಯನ್ನು ಚುರುಕಾಗಿ ಎಳೆಯುತ್ತದೆ. ಹೊರೆ ಹೆಚ್ಚಿದಾಗ ಅದರ ಉಸಿರು ಕಟ್ಟುತ್ತದೆ. ದೊಡ್ಡ ಟರ್ಬೊ ಬೇಕಾದಷ್ಟು ಗಾಳಿ ಕೊಡುತ್ತದೆ; ಆದರೆ ಎಚ್ಚರಗೊಳ್ಳಲು ಹೊತ್ತು ಹಿಡಿಯುತ್ತದೆ. ಎರಡನ್ನೂ ಕೂಡಿಸಿದರೆ ಒಂದರ ದೋಷವನ್ನು ಇನ್ನೊಂದು ಮುಚ್ಚುತ್ತದೆ. ಹೊರಗಿನ ಗಾಳಿ ಮೊದಲು ದೊಡ್ಡದರಲ್ಲಿ, ಬಳಿಕ ಚಿಕ್ಕದರಲ್ಲಿ ಅದುಮಲ್ಪಟ್ಟು, ಇಂಟರ್‌ಕೂಲರಿನಲ್ಲಿ ತಣಿದು ಎಂಜಿನ್ನನ್ನು ಸೇರುತ್ತದೆ. ಹೊಗೆಯ ದಾರಿ ಇದಕ್ಕೆ ವಿರುದ್ಧ: ಮೊದಲು ಚಿಕ್ಕದು, ಆಮೇಲೆ ದೊಡ್ಡದು.

ಇಲ್ಲಿಯ ಲೆಕ್ಕ ಕೂಡುವುದಲ್ಲ, ಗುಣಿಸುವುದು. ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಚದರ ಅಂಗುಲಕ್ಕೆ 14.7 ಪೌಂಡು. ದೊಡ್ಡ ಟರ್ಬೊ ಅದನ್ನು ಇಮ್ಮಡಿಸಿದರೆ 29.4, ಚಿಕ್ಕದು ಮತ್ತೆ ಇಮ್ಮಡಿಸಿದರೆ 58.8. ಹೀಗೆ ಎರಡೂ ಹಿತಮಿತವಾಗಿ ದುಡಿದು, ಒಂದೇ ಚಕ್ರವು ಏದುಸಿರು ಬಿಟ್ಟು ಮಾಡಬೇಕಾದ ನಾಲ್ಮಡಿ ಕೆಲಸವನ್ನು ಮುಗಿಸುತ್ತವೆ.

ಕೈಕೆಸರು

ಹೇಳುವುದು ಸುಲಭ, ಮಾಡುವುದು ಕಷ್ಟ. ಅನೇಕರು ಕಾರ್ಖಾನೆಯಿಂದ ಬಂದ ಟರ್ಬೊವನ್ನೇ ಚಿಕ್ಕದೆಂದು ಉಳಿಸಿಕೊಂಡು, ದೊಡ್ಡದಕ್ಕೆ ಜಾಗ ಹುಡುಕುತ್ತಾರೆ. ಬಾನೆಟ್ಟಿನ ಕೆಳಗೆ ಅಂಗೈಯಗಲದ ಎಡೆಯೂ ದುರ್ಲಭ. ಕೊಳವೆಗಳನ್ನು ಕತ್ತರಿಸಿ, ಬಾಗಿಸಿ, ಬೆಸೆಯಬೇಕು. ಚಿಕ್ಕ ಚಕ್ರಕ್ಕೆ ಅತಿಯಾದ ಹೊಗೆಯು ಅದನ್ನು ಬಳಸಿ ಹೋಗುವಂತೆ ಪಕ್ಕದ ಬಾಗಿಲೊಂದನ್ನು ಇಡಬೇಕು.

ಟರ್ಬೊದ ಅಚ್ಚು ನಿಮಿಷಕ್ಕೆ ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಅದನ್ನು ಹೊತ್ತಿರುವುದು ಎಣ್ಣೆಯ ತೆಳುವಾದ ಪೊರೆ ಮಾತ್ರ. ಆ ಎಣ್ಣೆ ಹಿಂದಿರುಗುವ ಕೊಳವೆ ಅಗಲವಾಗಿರಬೇಕು, ಸದಾ ಇಳಿಜಾರಾಗಿಯೇ ಇರಬೇಕು. ಎಲ್ಲಿಯಾದರೂ ಮೇಲಕ್ಕೆ ಬಾಗಿತೆಂದರೆ ಎಣ್ಣೆ ನಿಂತು, ಸೀಲುಗಳನ್ನು ದಾಟಿ, ನೀಲಿ ಹೊಗೆಯಾಗಿ ಹೊರಬೀಳುತ್ತದೆ. ತಿಂಗಳ ದುಡಿಮೆ ಒಂದು ಕೊಳವೆಯ ಬಾಗಿನಿಂದ ಕೆಡುವುದುಂಟು.

ಒತ್ತಡ ಏರಿದಂತೆ ಸಿಲಿಂಡರಿನ ತಲೆಯು ಮೇಲೇಳಲು ಹವಣಿಸುತ್ತದೆ. ಅದನ್ನು ಬಿಗಿದಿಡಲು ಹೆಚ್ಚು ಗಟ್ಟಿಯಾದ ಬೋಲ್ಟುಗಳು ಬೇಕು. ಕವಾಟಗಳಿಗೆ ಬಿರುಸಾದ ಸ್ಪ್ರಿಂಗುಗಳು ಬೇಕು. ಗಾಳಿಗೆ ತಕ್ಕಂತೆ ಎಣ್ಣೆ ಬೇಕು. ಶಕ್ತಿಗೆ ತಕ್ಕ ಗೇರುಪೆಟ್ಟಿಗೆ ಬೇಕು. ಹೊಗೆಯ ಶಾಖವು ಸುಮಾರು 1,250 ಡಿಗ್ರಿ ಫ್ಯಾರನ್‌ಹೀಟ್ ದಾಟಿ ಬಹುಕಾಲ ನಿಂತರೆ ಅಲ್ಯೂಮಿನಿಯಮ್ಮಿನ ಪಿಸ್ಟನ್ನುಗಳಿಗೆ ಗಂಡಾಂತರ. ಗಾಳಿ ಚೊಕ್ಕಟವಾಗಿರಬೇಕೆಂಬುದಕ್ಕೆ 1952ರ ಇಂಡಿಯಾನಾಪೊಲಿಸ್ ಪಂದ್ಯವೇ ಸಾಕ್ಷಿ. ಅಂದು ಫ್ರೆಡ್ ಅಗಬಾಶಿಯನ್ ನಡೆಸಿದ ಕಮಿನ್ಸ್ ಡೀಸೆಲ್ ಕಾರು ಅರ್ಹತಾ ಓಟದಲ್ಲಿ ಗಂಟೆಗೆ 138 ಮೈಲಿ ವೇಗದಿಂದ ಅಗ್ರಸ್ಥಾನ ಗಳಿಸಿತ್ತು. ಪಂದ್ಯದಲ್ಲಿ ಟಯರುಗಳ ರಬ್ಬರು ಚೂರುಗಳು ಟರ್ಬೊದ ಬಾಯಿಗೆ ಅಡರಿ, 71 ಸುತ್ತುಗಳಿಗೇ ಅದು ಹಿಂದೆ ಸರಿಯಬೇಕಾಯಿತು.

ಬೆಟ್ಟದ ತುದಿಯಲ್ಲಿ

ಈ ಹವ್ಯಾಸಕ್ಕೆ ಕರಾಳ ಮುಖವೂ ಇದೆ. ಕೆಲವರು ಶಕ್ತಿಯ ಮೋಹದಲ್ಲಿ ಕಾರ್ಖಾನೆಯವರು ಇಟ್ಟ ಹೊಗೆಶುದ್ಧಿಯ ಸಾಧನಗಳನ್ನು ಕಿತ್ತೆಸೆದು, ದಾರಿಯುದ್ದಕ್ಕೂ ಮಸಿ ಉಗುಳುತ್ತ ಹೋಗುತ್ತಾರೆ. ಅಮೆರಿಕದ ಕಾನೂನು ಇದನ್ನು ನಿಷೇಧಿಸಿದೆ. ಹಾಗಿದ್ದೂ ಹತ್ತು ವರ್ಷಗಳಲ್ಲಿ 5,50,000ಕ್ಕೂ ಹೆಚ್ಚು ಡೀಸೆಲ್ ಪಿಕಪ್ಪುಗಳಿಂದ ಇಂತಹ ಸಾಧನಗಳನ್ನು ತೆಗೆಯಲಾಗಿತ್ತೆಂದು ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ 2020ರಲ್ಲಿ ಅಂದಾಜು ಮಾಡಿತು. ಆ ಮಸಿಯನ್ನು ಉಸಿರಾಡುವವರು ಹಿಂದಿನ ಗಾಡಿಯ ಮಕ್ಕಳೇ ಅಲ್ಲವೆ? ಜೋಡಿ ಟರ್ಬೊವನ್ನು ಶುದ್ಧಿಯ ಸಾಧನಗಳೊಂದಿಗೇ ಕೂಡಿಸಬಹುದೆಂಬುದನ್ನು ಫೋರ್ಡ್ ಕಂಪನಿಯು 2008ರ 6.4 ಲೀಟರಿನ ಎಂಜಿನ್ನಿನಲ್ಲಿ ತೋರಿಸಿದ್ದಿತು.

ನಿಜವಾದ ಕುಶಲಿಯ ಗುರುತೇ ಬೇರೆ. ಗಾಳಿಯೂ ಎಣ್ಣೆಯೂ ಸರಿದೂಗಿದ ಎಂಜಿನ್ನು ಕರಿಹೊಗೆ ಉಗುಳುವುದಿಲ್ಲ. ಹಿಂದೆ ಭಾರವಾದ ಬಂಡಿ, ಮುಂದೆ ಕಡಿದಾದ ಏರು. ಆದರೂ ಶಾಖದ ಮುಳ್ಳು ಗೆರೆಯೊಳಗೇ ನಿಂತು, ಕನ್ನಡಿಯಲ್ಲಿ ಆಕಾಶವು ತಿಳಿಯಾಗಿಯೇ ಕಂಡರೆ, ಆತನ ಶ್ರಮ ಸಾರ್ಥಕವಾಯಿತೆಂದು ತಿಳಿಯಬೇಕು. ಅಷ್ಟಾದ ಮೇಲೆಯೂ ಅವನು ನೆನಪಿಡಬೇಕಾದ ಒಂದು ಮಾತುಂಟು. ಸುರಂಗ ದಾಟಿದರೆ ಇಳಿಜಾರು. ಏರಿಸುವ ಬಲ ಇಮ್ಮಡಿಯಾಗಿದ್ದರೂ ತಡೆಯುವ ಬ್ರೇಕುಗಳು ಮೊದಲಿನವೇ.