ಲಕೋಟೆಯನ್ನು ಸೋಲಿಸಿದ ವ್ಯಂಗ್ಯಚಿತ್ರ

1840ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಅಂಚೆಯ ಖರ್ಚು ಸಾಮಾನ್ಯವಾಗಿ ಪತ್ರ ಪಡೆದವರ ತಲೆಗೇ ಬರುತ್ತಿತ್ತು. ದೂರ ಹೆಚ್ಚಿದಂತೆ, ಹಾಳೆ ಹೆಚ್ಚಿದಂತೆ ದರವೂ ಏರುತ್ತಿತ್ತು. ಲಂಡನ್ನಿನಿಂದ ಎಡಿನ್‌ಬರೋಗೆ ಹೋಗುವ ಒಂದು ಹಾಳೆಗೆ ಒಂದು ಶಿಲಿಂಗಿಗೂ ಹೆಚ್ಚು ತೆರಬೇಕಿತ್ತು. ಪಾರ್ಲಿಮೆಂಟಿನ ಸದಸ್ಯರಿಗೋ ಅಂಚೆ ಉಚಿತ. ಸಾಗಣೆಗೆ ತಗಲುವ ನಿಜವಾದ ಖರ್ಚು ಬಹಳ ಕಡಿಮೆಯೆಂದು ರೋಲೆಂಡ್ ಹಿಲ್ 1837ರಲ್ಲಿ ಒಂದು ಕಿರುಹೊತ್ತಗೆ ಬರೆದು ತೋರಿಸಿದ. 1840ರ ಜನವರಿ 10ರಿಂದ ಅರ್ಧ ಔನ್ಸಿನ ಪತ್ರ ದೇಶದೊಳಗೆ ಎಲ್ಲಿಗೆ ಹೋದರೂ ಒಂದೇ ಪೆನ್ನಿ ಎಂದಾಯಿತು. ಸದಸ್ಯರ ಉಚಿತ ಸವಲತ್ತೂ ರದ್ದಾಯಿತು.

ಮೇ ತಿಂಗಳಲ್ಲಿ ಅಂಚೆಚೀಟಿಯ ಜೊತೆಗೇ ಸರ್ಕಾರ ಒಂದು ಚಿತ್ರದ ಲಕೋಟೆಯನ್ನೂ ತಂದಿತು. ಬರೆದವರು ಹೆಸರಾಂತ ಕಲಾವಿದ ವಿಲಿಯಂ ಮುಲ್‌ರೆಡಿ. ನಡುವೆ ಬ್ರಿಟಾನಿಯಾ ದೇವಿ ಕೈಚಾಚಿ ದಿಕ್ಕುದಿಕ್ಕಿಗೆ ದೂತರನ್ನು ಅಟ್ಟುತ್ತಿದ್ದಾಳೆ. ಸುತ್ತ ಆನೆ, ಒಂಟೆ, ದೇಶವಿದೇಶದ ಜನ. ಒಂದು ಪೆನ್ನಿಯ ಕಾಗದಕ್ಕೆ ಇಷ್ಟು ಆಡಂಬರವೇ ಎಂದು ಜನ ನಕ್ಕರು. ಅಣಕು ಲಕೋಟೆಗಳು ಅಂಗಡಿಗಳಿಗೆ ಬಂದವು. ಸರ್ಕಾರ ತನ್ನ ಲಕೋಟೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಚೀಟಿ ಮಾತ್ರ ಉಳಿಯಿತು.

ಅಣಕಿಸಿದವರಲ್ಲಿ ಜಾನ್ ಲೀಚ್ ಒಬ್ಬ. ಅವನು ವೈದ್ಯಶಿಕ್ಷಣವನ್ನು ಅರ್ಧಕ್ಕೆ ಬಿಟ್ಟು ಬಂದವನೆಂಬುದು ನಮ್ಮಂಥ ವೈದ್ಯರಿಗೆ ಸ್ವಾರಸ್ಯದ ಸಂಗತಿ. ಹೆಸರಿನ ಅರ್ಥವೇ ಜಿಗಣೆ; ಸೀಸೆಯೊಳಗಿನ ಜಿಗಣೆಯೇ ಅವನ ಸಹಿ.

ಆ ಜಿಗಣೆ ನಿಜವಾಗಿ ಕಚ್ಚಿದ್ದು 1844ರಲ್ಲಿ. ಇಟಲಿಯಿಂದ ಬಂದು ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಮಾಟ್ಸಿನಿಗೆ ತನ್ನ ಪತ್ರಗಳನ್ನು ಯಾರೋ ಒಡೆಯುತ್ತಿದ್ದಾರೆಂಬ ಅನುಮಾನ. ಪತ್ರದೊಳಗೆ ಗಸಗಸೆ, ಕೂದಲೆಳೆ ಇರಿಸಿ ಪರೀಕ್ಷಿಸಿದ. ತಲಪುವಾಗ ಅವು ಇರುತ್ತಿರಲಿಲ್ಲ. ಗೃಹಮಂತ್ರಿ ಸರ್ ಜೇಮ್ಸ್ ಗ್ರಹಾಂ ವಾರಂಟ್ ಕೊಟ್ಟು ಒಡೆಸಿದ್ದ. ಅವನಿಗೆ ಆ ಅಧಿಕಾರ ಕಾನೂನಿನಲ್ಲೇ ಇತ್ತು. ‘ಪಂಚ್’ ವಾರಪತ್ರಿಕೆ ಅವನನ್ನು ಅಂಚೆಮನೆಯಲ್ಲಿ ಇಣುಕುವ ಅಧಿಕಪ್ರಸಂಗಿಯಾಗಿ ಚಿತ್ರಿಸಿತು. ಲೀಚ್ ಹಳೆಯ ಲಕೋಟೆಯನ್ನೇ ಮತ್ತೆ ಅಣಕಿಸಿ, ಬ್ರಿಟಾನಿಯಾಳ ಜಾಗದಲ್ಲಿ ಗ್ರಹಾಂನನ್ನು ಕೂರಿಸಿದ. ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು, ಎರಡೂ ಸದನಗಳು ವಿಚಾರಣಾ ಸಮಿತಿ ನೇಮಿಸಿದವು. ವಿದೇಶಿ ಪತ್ರಗಳನ್ನು ಗುಟ್ಟಾಗಿ ಒಡೆಯುತ್ತಿದ್ದ ಕಚೇರಿ ಆ ವರ್ಷವೇ ಮುಚ್ಚಿತು. ವಾರಂಟಿನ ಕಾನೂನು ಮಾತ್ರ ಹಾಗೆಯೇ ಉಳಿಯಿತು. ನಗೆ ಅಧಿಕಾರಿಯನ್ನು ನಾಚಿಸಬಲ್ಲದು. ಕಾನೂನು ತಿದ್ದುವ ಕೆಲಸ ಬೇರೆಯದು.

ಇಂಡಿಯಾಕ್ಕೆ ಅರ್ಧಾಣೆಯ ಏಕರೂಪ ದರ ಬಂದದ್ದು 1854ರಲ್ಲಿ. ನಮ್ಮ ಮೈಸೂರಿನ ಅಂಚೆ 1889ರವರೆಗೂ ಪ್ರತ್ಯೇಕವಾಗಿಯೇ ನಡೆಯಿತು. ಅಧಿಕಾರಿಗಳನ್ನು ನಗೆಯಿಂದ ಚುಚ್ಚುವ ಕಲೆಯೂ ನಮ್ಮಲ್ಲಿ ಬೇರೂರಿತು. ವೈದ್ಯರಾಗಿದ್ದ ‘ರಾಶಿ’, ಎಂದರೆ ಡಾ. ಎಂ. ಶಿವರಾಂ, 1942ರಲ್ಲಿ ‘ಕೊರವಂಜಿ’ ಪತ್ರಿಕೆ ಆರಂಭಿಸಿದರು. ಎಳೆಯ ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಮುಂದೆ ಅವರು ಸೃಷ್ಟಿಸಿದ, ಮಂತ್ರಿಗಳನ್ನು ಮೌನವಾಗಿ ನೋಡುತ್ತ ನಿಲ್ಲುವ ಶ್ರೀಸಾಮಾನ್ಯನನ್ನು ಭಾರತದ ಅಂಚೆ ಇಲಾಖೆ 1988ರಲ್ಲಿ ಅಂಚೆಚೀಟಿಯ ಮೇಲೇ ಮುದ್ರಿಸಿತು.

ರೋಗಿಯ ಗುಟ್ಟನ್ನು ಕಾಯುವುದು ವೈದ್ಯರ ಮೊದಲ ಪಾಠ. ಪತ್ರದ ಗುಟ್ಟೂ ಹಾಗೆಯೇ. ಇಂದು ಜಗತ್ತಿನ ಪತ್ರಗಳನ್ನು ಸಾಗಿಸುವ ಯಂತ್ರಗಳನ್ನು ಇದೇ ಬೇ ಏರಿಯಾದಲ್ಲಿ ಕಟ್ಟುವವರಲ್ಲಿ ನಮ್ಮ ಮಕ್ಕಳೂ ಇದ್ದಾರೆ. ಗಸಗಸೆ ಇಟ್ಟು ಪರೀಕ್ಷಿಸುವ ಉಪಾಯ ಈ ಪತ್ರಗಳಿಗೆ ನಡೆಯದು. ಆದ್ದರಿಂದ ಮಾಟ್ಸಿನಿಯ ಕಥೆಯನ್ನು ಆ ಮಕ್ಕಳಿಗೆ ಹೇಳುವುದು ಒಳ್ಳೆಯದು.