ಬೋಕಿ ಹೇಳುವ ಮನೆವಾರ್ತೆ

ಬಳ್ಳಾರಿಗೆ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಸಂಗನಕಲ್ಲಿನ ಗುಡ್ಡವನ್ನು ಹತ್ತುವವರ ಕಣ್ಣಿಗೆ ಮೊದಲು ಬೀಳುವುದು ಒಂದರ ಮೇಲೊಂದು ಪೇರಿಸಿಟ್ಟಂತಿರುವ ಹೆಬ್ಬಂಡೆಗಳು. ತಲೆ ತಗ್ಗಿಸಿ ನಡೆದರೆ ಮಾತ್ರ ಕಾಲ ಬುಡದ ಬೋಕಿಗಳು ಕಾಣುತ್ತವೆ. ಬೂದುಬಣ್ಣದ, ಒರಟು ಮೈಯ, ಅಂಗೈಗಿಂತಲೂ ಚಿಕ್ಕದಾದ ಮಡಕೆಚೂರುಗಳು ಅವು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ಹೋಗಿದ್ದಾಗ ಅಂಥ ಚೂರೊಂದನ್ನು ಕೈಗೆತ್ತಿಕೊಂಡೆ. ಹೊರಮೈಯನ್ನು ಯಾರೋ ಉಜ್ಜಿ ನಯಗೊಳಿಸಿದ್ದರು. ಒಳಮೈಯನ್ನು ಹಾಗೆಯೇ ಬಿಟ್ಟಿದ್ದರು. ಅಲ್ಲಿ ಸಾಲಾಗಿ ಮೂರು ತಗ್ಗುಗಳು. ಹಸಿಮಣ್ಣನ್ನು ಬೆರಳಿನಿಂದ ಒತ್ತಿದ ಗುರುತು. ಅಂಥ ನೆಲೆಗಳಿಂದ ಏನನ್ನೂ ಒಯ್ಯಬಾರದೆಂಬ ಅರಿವಿದ್ದುದರಿಂದ ಚೂರನ್ನು ಇದ್ದಲ್ಲಿಯೇ ಇಟ್ಟು ಇಳಿದೆ. ಆದರೆ ಆ ಮೂರು ತಗ್ಗುಗಳು ಮನಸ್ಸಿನಲ್ಲಿ ಉಳಿದವು.

ನವಶಿಲಾಯುಗ ಎಂದೊಡನೆ ನಮ್ಮ ಶಾಲಾ ಪಠ್ಯಗಳು ನೆನಪಿಸುವುದು ನುಣುಪಾಗಿ ಉಜ್ಜಿದ ಕಲ್ಲುಕೊಡಲಿಯನ್ನು. ಕೊಡಲಿ ನೋಡಲು ಚೆಂದ. ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಒಪ್ಪುತ್ತದೆ. ಮಡಕೆಚೂರಿಗೆ ಆ ಭಾಗ್ಯವಿಲ್ಲ. ಅದು ಗೋಣಿಚೀಲ ಸೇರುತ್ತದೆ. ಆದರೂ ದಕ್ಷಿಣ ದಖ್ಖಣಿನಲ್ಲಿ ಕ್ರಿ.ಪೂ. 3000ದಿಂದ 1200ರವರೆಗೆ, ಸ್ಥೂಲವಾಗಿ ಹೇಳುವುದಾದರೆ, ಬಾಳಿದ ಆ ಜನ ಏನು ತಿಂದರು, ಎಲ್ಲಿ ನಿಂತರು, ಸತ್ತವರನ್ನು ಹೇಗೆ ಬೀಳ್ಕೊಟ್ಟರು ಎಂಬುದನ್ನು ಕೊಡಲಿಗಿಂತ ಬೋಕಿಯೇ ಹೆಚ್ಚು ಹೇಳುತ್ತದೆ. ದುರದೃಷ್ಟವೆಂದರೆ ನಾವು ಅದನ್ನು ಕೇಳಿದ ಪ್ರಶ್ನೆಗಳೇ ಬೇರೆ. ‘ನೀನು ಯಾವ ಕಾಲದವನು, ಯಾವ ಜನಾಂಗದವನು’ ಎಂದೇ ಬಹುಕಾಲ ಕೇಳಿದೆವು.

ಕಾಲದ ಪ್ರಶ್ನೆಯನ್ನು ಕೇಳಿದವರಲ್ಲಿ ಪ್ರಮುಖರು ಮಾರ್ಟಿಮರ್ ವೀಲರ್. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಮೈಸೂರು ಸಂಸ್ಥಾನದ ಪುರಾತತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು ಮೊದಲೇ ಉತ್ಖನನ ನಡೆಸಿದ್ದರು. 1947ರಲ್ಲಿ ವೀಲರ್ ಅಲ್ಲಿಗೆ ಬಂದರು. ಅವರ ಲೆಕ್ಕಾಚಾರ ಮೇಲಿನಿಂದ ಕೆಳಕ್ಕೆ ಇಳಿಯುವಂಥದ್ದು. ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸಾಮಾನುಗಳ ಜೊತೆ ಸಿಕ್ಕ ಮಡಕೆಗಳಿಗೆ ಕ್ರಿಸ್ತಶಕದ ಆರಂಭದ ಕಾಲ ನಿಗದಿಯಾಗಿತ್ತು. ಅಂಥವೇ ಚೂರುಗಳು ಬ್ರಹ್ಮಗಿರಿಯ ಮೇಲಿನ ಪದರದಲ್ಲಿ ದೊರೆತವು. ಅದರ ಕೆಳಗೆ ಬೃಹತ್ ಶಿಲಾಸಮಾಧಿ ಕಟ್ಟಿದವರ ಕಪ್ಪು-ಕೆಂಪು ಮಡಕೆ. ಅದಕ್ಕೂ ಕೆಳಗೆ ಕಲ್ಲುಕೊಡಲಿಯವರ ಬೂದುಮಡಕೆ. ಪದರಗಳ ಕ್ರಮವನ್ನು ಅವರು ಓದಿದ ಬಗೆ ಇಂದಿಗೂ ಮಾದರಿ. ಆದರೆ ಬೂದುಮಡಕೆಯ ಸಂಸ್ಕೃತಿ ಕ್ರಿ.ಪೂ. ಒಂದನೆಯ ಸಹಸ್ರಮಾನದ ಆರಂಭದಲ್ಲಿ ಹುಟ್ಟಿತೆಂದೂ ಕ್ರಿ.ಪೂ. 200ರ ಸುಮಾರಿಗೆ ಶಿಲಾಸಮಾಧಿಯ ಜನ ಹಠಾತ್ತನೆ ಬಂದು ಅದನ್ನು ಮುಗಿಸಿದರೆಂದೂ ಅವರು ತೀರ್ಮಾನಿಸಿದರು. ಮುಂದೆ ರೇಡಿಯೊ ಇಂಗಾಲದ ಪರೀಕ್ಷೆ ಬಂತು. ಎಫ್.ಆರ್. ಆಲ್ಚಿನ್ 1957ರಲ್ಲಿ ಅಗೆದ, ಈಗ ತೆಲಂಗಾಣದಲ್ಲಿರುವ ಉತ್ನೂರಿನ ಮಾದರಿಗಳು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಹೋದವು. ವೀಲರರ ಗಡಿಯಾರ ಸಾವಿರ ವರ್ಷಕ್ಕೂ ಮಿಕ್ಕಿ ಹಿಂದೆ ಬಿದ್ದಿತ್ತು.

ಗಡಿಯಾರವನ್ನು ತಿದ್ದಿದ್ದಾಯಿತು. ಆದರೆ ‘ಹೊಸ ಮಡಕೆ ಎಂದರೆ ಹೊಸ ಜನ’ ಎಂಬ ನಂಬಿಕೆ ಅಷ್ಟು ಸುಲಭವಾಗಿ ಹೋಗಲಿಲ್ಲ. ಮೂಲನಿವಾಸಿಗಳು ಯಾರು, ವಲಸಿಗರು ಯಾರು ಎಂಬ ಜಗಳ ಎದ್ದಾಗಲೆಲ್ಲ ಯಾರಾದರೊಬ್ಬರು ಮಡಕೆಯನ್ನು ಬಾವುಟದಂತೆ ಎತ್ತಿ ಹಿಡಿಯುವುದನ್ನು ನಾನು ಸಭೆಗಳಲ್ಲಿ ಕಂಡಿದ್ದೇನೆ. ಆ ಕೆಲಸಕ್ಕೆ ಮಡಕೆ ಒದಗುವುದಿಲ್ಲ. ಅದು ಯಾವುದಕ್ಕೆ ಒದಗುತ್ತದೆಂದು ತಿಳಿಯಬೇಕಾದರೆ ಅದನ್ನು ಮಾಡಿದ ಬಗೆಯಿಂದಲೇ ಆರಂಭಿಸಬೇಕು.

ಸಂಗನಕಲ್ಲು, ಪಿಕ್ಲಿಹಾಳ, ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಸಿಕ್ಕ ನವಶಿಲಾಯುಗದ ಮಡಕೆಗಳಲ್ಲಿ ಬಹುಪಾಲು ಕೈಯಿಂದ ಮಾಡಿದವು. ತಿಗರಿಯ ವೇಗ ಅವುಗಳಲ್ಲಿಲ್ಲ. ಮಣ್ಣಿನ ಸುರುಳಿಗಳನ್ನು ಸುತ್ತಿ ಗೋಡೆ ಎಬ್ಬಿಸಿ, ಒಳಗೊಂದು ಆಸರೆ ಹಿಡಿದು ಹೊರಗಿನಿಂದ ತಟ್ಟಿ ತೆಳುವಾಗಿಸಿ, ಅರೆ ಒಣಗಿದಾಗ ಬೆಣಚುಕಲ್ಲಿನಿಂದ ಉಜ್ಜಿ, ಬಯಲು ಬೆಂಕಿಯಲ್ಲಿ ಸುಟ್ಟ ಪಾತ್ರೆಗಳು. ಗಾಳಿ ಸಾಲದ ಬೆಂಕಿ ಅವಕ್ಕೆ ಬೂದುಬಣ್ಣ ಕೊಟ್ಟಿತು. ಕೆಲವಕ್ಕೆ ಸುಟ್ಟ ಮೇಲೆ ಕೆಮ್ಮಣ್ಣಿನಿಂದ ಗೆರೆ ಎಳೆದಿದ್ದಾರೆ. ಸುಟ್ಟ ಮೇಲೆ ಬಳಿದ ಬಣ್ಣ ನೀರು ತಾಗಿದರೆ, ಉಜ್ಜಿದರೆ ಹೋಗುತ್ತದೆ. ಎಳೆದವರಿಗೆ ಅದು ಗೊತ್ತಿರಲೇಬೇಕು. ಮತ್ತೆ ಬಳಿಯುವ ಬಿಡುವೂ ಮನಸ್ಸೂ ಅವರಿಗಿತ್ತು ಎನ್ನೋಣ. ಹೊಸ್ತಿಲಿಗೆ ಕೆಮ್ಮಣ್ಣು ಬಳಿಯುವ ನಮ್ಮ ಹಳ್ಳಿಗಳ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮಡಕೆಗಳ ಹಿಂದೆ ವೃತ್ತಿ ಕುಂಬಾರನ ಆವಿಗೆ ಕಾಣುವುದಿಲ್ಲ. ಮನೆಯವರೇ ತಮಗೆ ಬೇಕಾದುದನ್ನು ಮಾಡಿಕೊಂಡಂತೆ ತೋರುತ್ತದೆ. ಹಾಗಾದರೆ ಮಾಡಿದವರು ಹೆಂಗಸರೇ? ತಿಗರಿಯಿಲ್ಲದೆ ಮಡಕೆ ಮಾಡುವ ಸಮಾಜಗಳಲ್ಲಿ ಅನೇಕ ಕಡೆ ಅದು ಹೆಂಗಸರ ಕೆಲಸವೆಂಬುದು ನಿಜ. ಆದರೆ ಅಮೆರಿಕದ ಚಾಕೊ ಕಣಿವೆ ಪ್ರದೇಶದ ಸಾವಿರ ವರ್ಷ ಹಳೆಯ ಮಡಕೆಗಳ ಮೇಲಿನ ಬೆರಳಚ್ಚುಗಳ ಅಗಲವನ್ನು ಅಳೆದು 2019ರಲ್ಲಿ ಪ್ರಕಟಿಸಿದ ಅಧ್ಯಯನ ನಮಗೊಂದು ಎಚ್ಚರಿಕೆ. ಅಲ್ಲಿನ ಪ್ಯೂಬ್ಲೊ ಜನರಲ್ಲಿ ಮಡಕೆ ಹೆಂಗಸರದೇ ಕೆಲಸವೆಂದು ಎಲ್ಲರೂ ನಂಬಿದ್ದರು. ಬೆರಳಚ್ಚುಗಳು ಗಂಡಸರೂ ಹೆಂಗಸರೂ ಸೇರಿ ಮಾಡಿದ್ದನ್ನು ತೋರಿಸಿದವು. ಸಂಗನಕಲ್ಲಿನ ಮೂರು ತಗ್ಗುಗಳನ್ನು ನಾನು ಕೂಡಲೇ ಒಬ್ಬ ತಾಯಿಯ ಬೆರಳೆಂದು ಕಲ್ಪಿಸಿಕೊಂಡಿದ್ದೆ. ಅದು ನನ್ನ ಕಾಲದ ಅಭ್ಯಾಸವೇ ಹೊರತು ಚೂರು ಹೇಳಿದ ಮಾತಲ್ಲ.

ಚೂರು ಖಚಿತವಾಗಿ ಮಾತಾಡುವುದು ಅಡುಗೆಯ ಬಗ್ಗೆ. ಬೇಸಾಯ ಮತ್ತು ಮಡಕೆ ಅವಳಿಗಳೆಂದು ನಾವು ಕಲಿತದ್ದು ಪೂರ್ತಿ ಸರಿಯಲ್ಲ. ಪಶ್ಚಿಮ ಏಷ್ಯಾದ ಮೊದಲ ರೈತರು ಬಹುಕಾಲ ಮಡಕೆಯಿಲ್ಲದೆ ಗೋಧಿ, ಬಾರ್ಲಿ ಬೆಳೆದರು. ಬಲೂಚಿಸ್ತಾನದ ಮೆಹರ್‌ಗಢದ ಮೊದಲ ಹಂತದಲ್ಲಿಯೂ ಮಡಕೆಯಿಲ್ಲ. ಇದಕ್ಕೆ ತಿರುಗಿಸಿ, ಚೀನಾದ ಶಿಯಾನ್ರೆನ್‌ದೊಂಗ್ ಗುಹೆಯಲ್ಲಿ ಬೇಸಾಯಕ್ಕೆ ಎಷ್ಟೋ ಮುಂಚೆ, ಸುಮಾರು 20,000 ವರ್ಷಗಳ ಹಿಂದೆಯೇ ಬೇಟೆಗಾರರು ಮಡಕೆ ಸುಟ್ಟಿದ್ದರು. ಹಿಟ್ಟು ಬೀಸಿ ರೊಟ್ಟಿ ಸುಡುವವರಿಗೆ ಮಡಕೆ ಅನಿವಾರ್ಯವಲ್ಲ. ಬೇಯಿಸಿ ಉಣ್ಣುವವರಿಗೆ ಅದಿಲ್ಲದೆ ನಡೆಯದು.

ನಮ್ಮ ಗುಡ್ಡಗಳ ಜನ ಬೇಯಿಸಿ ಉಣ್ಣುವವರು. ಡೋರಿಯನ್ ಫುಲರ್, ರವಿ ಕೋರಿಶೆಟ್ಟರ್ ಮೊದಲಾದವರು ಈ ನೆಲೆಗಳ ಮಣ್ಣನ್ನು ನೀರಿನಲ್ಲಿ ತೇಲಿಸಿ ಸುಟ್ಟು ಕರಕಾದ ಕಾಳುಗಳನ್ನು ಹೆಕ್ಕಿದರು. ಸಿಕ್ಕಿದ್ದು ಮುಖ್ಯವಾಗಿ ಹುರುಳಿ, ಹೆಸರು, ಕೊರಲೆ ಮತ್ತು ನವಣೆಯ ಸಂಬಂಧಿಯಾದ ಇನ್ನೊಂದು ಕಿರುಧಾನ್ಯ. ಗೋಧಿ, ಬಾರ್ಲಿ ಬಂದದ್ದು ಅನಂತರ. ಇದು ಹೊರಗಿನಿಂದ ತಂದ ಬೇಸಾಯವಲ್ಲ, ಇಲ್ಲಿಯ ಕಾಡುಕಾಳುಗಳನ್ನೇ ಪಳಗಿಸಿದ್ದು ಎಂಬ ವಾದಕ್ಕೆ ಈ ಕಾಳುಗಳೇ ಆಧಾರ. ತುಮಕೂರು ಸೀಮೆಯಲ್ಲಿ ಕೊರಲೆ ಈಗಲೂ ಬೆಳೆಯುತ್ತದೆ. ಇನ್ನು ಹುರುಳಿಯ ಗಟ್ಟಿತನ ಎಲ್ಲ ಅಡುಗೆಮನೆಗಳಿಗೂ ಗೊತ್ತು. ನೆನೆಸಿ ಗಂಟೆಗಟ್ಟಲೆ ಕುದಿಸದೆ ಅದು ಬಾಯಿಗೆ ಬರುವುದಿಲ್ಲ. ಹಾಗೆ ಕುದಿಸಲು ಉರಿಯನ್ನು ತಾಳಿಕೊಳ್ಳುವ ದುಂಡು ತಳದ ಗಡಿಗೆ ಬೇಕು. ಉತ್ಖನನಗಳಲ್ಲಿ ರಾಶಿರಾಶಿಯಾಗಿ ಸಿಗುವುದು ಅಂಥ ಗಡಿಗೆಗಳೇ, ಜೊತೆಗೆ ಉಣ್ಣಲು ಬೋಗುಣಿಗಳು. ಕಟ್ಟಿನ ಸಾರಿನ ಪೂರ್ವಜರು ಇಲ್ಲಿದ್ದಾರೆಂದು ಹೇಳುವ ಆಸೆಯಾಗುತ್ತದೆ. ತುಸು ತಡೆದುಕೊಳ್ಳುತ್ತೇನೆ.

ಕಾಲ ಸರಿದಂತೆ ಗಿಂಡಿಯಂತೆ ಕೊಳವೆಯುಳ್ಳ ಪಾತ್ರೆಗಳೂ ಮೈತುಂಬ ತೂತುಗಳಿರುವ ಪಾತ್ರೆಗಳೂ ಸೇರಿಕೊಳ್ಳುತ್ತವೆ. ಹೊಸ ಬೆಳೆಗಳಿಗೂ ಹೊಸ ಪಾತ್ರೆಗಳಿಗೂ ಇರುವ ನಂಟನ್ನು ಫುಲರ್ 2005ರ ಲೇಖನವೊಂದರಲ್ಲಿ ಹುಡುಕಿದ್ದಾರೆ. ತೂತಿನ ಪಾತ್ರೆ ಸೋಸುವುದಕ್ಕೋ, ಹಬೆಯಲ್ಲಿ ಬೇಯಿಸುವುದಕ್ಕೋ, ಕೆಂಡ ಇಡುವುದಕ್ಕೋ? ಪೋಲೆಂಡಿನಲ್ಲಿ ಇಂಥದೇ ತೂತಿನ ಚೂರುಗಳನ್ನು ಕಂಡ ಪೀಟರ್ ಬೊಗುಕಿ ಎಂಬ ವಿದ್ವಾಂಸರು ಅವು ಗಿಣ್ಣು ಸೋಸುವ ಸಾಧನಗಳಿರಬಹುದೆಂದು 1980ರ ದಶಕದಲ್ಲಿ ಊಹಿಸಿದ್ದರು. 2012ರಲ್ಲಿ ಆ ಚೂರುಗಳೊಳಗೆ ಹೀರಿಕೊಂಡಿದ್ದ ಹಾಲಿನ ಕೊಬ್ಬನ್ನು ರಸಾಯನಶಾಸ್ತ್ರಜ್ಞರು ಗುರುತಿಸಿದರು. ಏಳು ಸಾವಿರ ವರ್ಷಗಳ ಹಿಂದಿನ ಅಡುಗೆ ಮಡಕೆಯ ಮೈಯಲ್ಲೇ ಉಳಿದಿತ್ತು. ಗುಜರಾತಿನ ಕೋಟಡಾ ಭಾಡ್ಲಿ ಎಂಬ ಹರಪ್ಪ ಕಾಲದ ಹಳ್ಳಿಯ ಮಡಕೆಗಳಲ್ಲಿ ಹಾಲಿನ ಅಂಶವಿರುವುದು 2020ರಲ್ಲಿ ಪ್ರಕಟವಾಯಿತು.

ಹಾಲಿನ ಮಾತು ಇಲ್ಲಿ ಸುಮ್ಮನೆ ಬಂದದ್ದಲ್ಲ. ಈ ಜನರ ಬದುಕು ದನಗಳ ಸುತ್ತ ತಿರುಗುತ್ತಿತ್ತು. ಬಳ್ಳಾರಿ, ರಾಯಚೂರು, ಯಾದಗಿರಿ ಸೀಮೆಯ ಬೂದಿದಿಬ್ಬಗಳು ಅದಕ್ಕೆ ಸಾಕ್ಷಿ. ಹಂಪಿಯ ಬಳಿ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತಾಭಸ್ಮವೆಂದು ತೋರಿಸುತ್ತಾರೆ. ವಾಸ್ತವದಲ್ಲಿ ಇವು ದೊಡ್ಡಿಗಳಲ್ಲಿ ತಲೆಮಾರುಗಟ್ಟಲೆ ಶೇಖರವಾದ ಸೆಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ಗುಡ್ಡೆಗಳು. ಹಾಗಾದರೆ ಇವರು ಊರೂರು ಅಲೆಯುವ ದನಗಾಹಿಗಳೇ? ಸುರಪುರ ಸೀಮೆಯ ಬೂದಿಹಾಳದಲ್ಲಿ (ಹೆಸರಿನಲ್ಲೇ ಬೂದಿ ಇದೆ) ಕೆ. ಪದ್ದಯ್ಯ 1990ರ ದಶಕದಲ್ಲಿ ನಡೆಸಿದ ಉತ್ಖನನ ಬೂದಿದಿಬ್ಬದ ಪಕ್ಕದಲ್ಲೇ ಮನೆಗಳನ್ನೂ ಮಡಕೆಗಳನ್ನೂ ಹೊರತೆಗೆಯಿತು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹೊರಡುವವನು ಗುಡಾಣ ಹೊತ್ತು ನಡೆಯುವುದಿಲ್ಲ. ದೊಡ್ಡ ಶೇಖರಣೆಯ ಪಾತ್ರೆ ಇರುವಲ್ಲಿ ವರ್ಷದ ಒಂದಷ್ಟು ಕಾಲವಾದರೂ ನೆಲೆನಿಂತ ಸಂಸಾರವಿತ್ತೆಂದೇ ಅರ್ಥ.

ಸಂಸಾರ ಎಂದೆ. ಬ್ರಹ್ಮಗಿರಿ, ತೆಕ್ಕಲಕೋಟೆ, ಹಳ್ಳೂರುಗಳಲ್ಲಿ ಅಗೆದವರು ಮನೆಗಳ ನೆಲದಡಿಯಲ್ಲಿ ಮಡಕೆಗಳನ್ನು ಕಂಡರು. ಅವುಗಳೊಳಗೆ ಎಳೆಯ ಮಕ್ಕಳ ಮೂಳೆಗಳಿದ್ದವು. ದೊಡ್ಡವರನ್ನು ಗುಂಡಿಯಲ್ಲಿ ನೀಳವಾಗಿ ಮಲಗಿಸಿ ಪಕ್ಕದಲ್ಲಿ ಪಾತ್ರೆ ಇಡುತ್ತಿದ್ದರು. ಕೂಸುಗಳನ್ನು ಮಾತ್ರ ಪಾತ್ರೆಯೊಳಗೇ ಇಟ್ಟು, ಬಾಯಿಗೆ ಇನ್ನೊಂದು ಪಾತ್ರೆ ಮುಚ್ಚಿ, ತಾವು ಮಲಗುವ ನೆಲದ ಕೆಳಗೇ ಇರಿಸಿಕೊಂಡರು. ಅದೇ ಬೂದುಬಣ್ಣದ, ಕೈಯಿಂದ ಮಾಡಿದ ಮಡಕೆ. ಗರ್ಭದ ಸಂಕೇತವೆಂದು ಹೇಳುವವರಿದ್ದಾರೆ, ಇರಬಹುದು. ನನಗೆ ಮುಖ್ಯವೆನಿಸುವುದು ಇಷ್ಟು: ಊರಾಚೆ ಕಳಿಸದೆ ಮನೆಯೊಳಗೆ ಉಳಿಸಿಕೊಳ್ಳುವಷ್ಟು ಆ ಕೂಸು ಆ ಮನೆಯದಾಗಿತ್ತು. ಈ ಸಮಾಜಕ್ಕೆ ಲಿಪಿಯಿಲ್ಲ, ಹೆಸರಿಲ್ಲ, ಅರಸನಿಲ್ಲ. ಅವರ ದುಃಖದ ಬಗ್ಗೆ ನಮಗೆ ಉಳಿದಿರುವ ನೇರ ದಾಖಲೆ ಈ ಮಡಕೆ.

ಈಗ ಬಾವುಟದ ಪ್ರಶ್ನೆಗೆ ಮರಳೋಣ. ಎಂ.ಎಸ್. ನಾಗರಾಜರಾವ್ ಮತ್ತು ಕೆ.ಸಿ. ಮಲ್ಹೋತ್ರ 1963-64ರಲ್ಲಿ ಅಗೆದ ತೆಕ್ಕಲಕೋಟೆಯ ಮೇಲಿನ ಪದರಗಳಲ್ಲಿ ಹಳೆಯ ಬೂದುಮಡಕೆಯ ಜೊತೆಗೇ ಕಪ್ಪು-ಕೆಂಪು ಮಡಕೆ, ಮಹಾರಾಷ್ಟ್ರದ ಜೋರ್ವೆ ಮಾದರಿಯ ಮಡಕೆ ಕಾಣಿಸಿಕೊಳ್ಳುತ್ತವೆ. ತಿಗರಿ ತಿರುಗತೊಡಗಿದೆ. ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ನಾಗರಾಜರಾವ್ 1965ರಲ್ಲಿ ಕಂಡದ್ದು ಇನ್ನೂ ಸ್ಪಷ್ಟ. ಕ್ರಿ.ಪೂ. 1000ದ ಸುಮಾರಿನ ಪದರಗಳಲ್ಲಿ ನವಶಿಲಾಯುಗದ ಮಡಕೆ, ಶಿಲಾಸಮಾಧಿಯವರ ಮಡಕೆ ಮತ್ತು ಕಬ್ಬಿಣ ಒಟ್ಟಿಗೆ ಬೆರೆತಿವೆ. ವೀಲರರು ಕಲ್ಪಿಸಿದಂತೆ ಒಬ್ಬರು ಬಂದು ಇನ್ನೊಬ್ಬರನ್ನು ಒರೆಸಿ ಹಾಕಿದ್ದರೆ ಈ ಬೆರಕೆಯ ಪದರವೇ ಇರುತ್ತಿರಲಿಲ್ಲ. ಹೊಸ ಪಾತ್ರೆ ಸಂತೆಯಿಂದ ಬಂದಿರಬಹುದು, ಸೊಸೆಯ ಜೊತೆ ಬಂದಿರಬಹುದು, ಕಲಿತ ಕೈಯೊಂದು ಬಂದು ನೆಲೆಸಿರಬಹುದು. ಹೊಸ ಜನರೂ ಬಂದಿರಬಹುದು. ಆದರೆ ಹಳೆಯ ಗಡಿಗೆ ಒಲೆಯ ಮೇಲೆ ಇದ್ದಂತೆಯೇ ಹೊಸದೂ ಅಡುಗೆಮನೆ ಸೇರಿತು. ನನ್ನ ಅಜ್ಜಿಯ ಮನೆಯಲ್ಲಿ ಸ್ಟೀಲ್ ಪಾತ್ರೆ ಬಂದ ಮೇಲೂ ಮೊಸರು ಬಹುಕಾಲ ಮಣ್ಣಿನ ಕುಡಿಕೆಯಲ್ಲೇ ಹೆಪ್ಪಾಗುತ್ತಿತ್ತು. ನಾಳಿನ ಪುರಾತತ್ವಜ್ಞರು ಅದನ್ನು ಕಂಡು ಆ ಮನೆಯ ಮೇಲೆ ದಾಳಿಯಾಯಿತೆಂದು ಬರೆಯದಿದ್ದರೆ ಸಾಕು.

ಇಷ್ಟೆಲ್ಲ ಹೇಳಬಲ್ಲ ಬೋಕಿಗಳು ಇರುವ ಜಾಗಗಳೇ ಕರಗುತ್ತಿವೆ. ಸಂಗನಕಲ್ಲಿನ ಮಗ್ಗುಲಲ್ಲೇ ಇರುವ ಕಪ್ಪಗಲ್ಲಿನ ಹಿರೇಗುಡ್ಡ, ಕಲ್ಲುಕೊಡಲಿಗಳ ಕಾರ್ಖಾನೆಯಾಗಿದ್ದ ಆ ಬೆಟ್ಟದ ಒಂದು ಪಾಲನ್ನು ಕಲ್ಲುಗಣಿಗಾರಿಕೆ ತಿಂದಿದೆ. ಬೂದಿದಿಬ್ಬಗಳ ಬೂದಿಯನ್ನು ಹೊಲಗಳಿಗೆ ಸಾಗಿಸಿದ್ದೂ ಉಂಟು. ಬಳ್ಳಾರಿಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ವಸ್ತುಸಂಗ್ರಹಾಲಯವಾಗಿರುವುದು ಸಮಾಧಾನದ ಸಂಗತಿ. ಆದರೆ ಸಂಗ್ರಹಾಲಯ ಸೇರಿದ ಚೂರು ತನ್ನ ಪದರವನ್ನು ಜೊತೆಗೆ ತರುವುದಿಲ್ಲ. ಯಾವ ಒಲೆಯ ಪಕ್ಕದಲ್ಲಿ, ಯಾವ ಕಾಳಿನ ಜೊತೆಯಲ್ಲಿ ಅದು ಬಿದ್ದಿತ್ತೆಂಬುದು ಹೋದರೆ ಉಳಿಯುವುದು ಬರಿಯ ಮಣ್ಣು.

ಉತ್ಖನನಕಾರರನ್ನೂ ಈ ಮಾತಿನಿಂದ ಪೂರ್ತಿ ಬಿಡುವಂತಿಲ್ಲ. ಹಿಂದೆ ಕಂಠದ ಅಂಚುಳ್ಳವು, ಬಣ್ಣವಿರುವವು, ಗೆರೆ ಕೊರೆದವು ಮಾತ್ರ ಚಿತ್ರ ಬರೆಸಿಕೊಂಡು ವರದಿ ಸೇರುತ್ತಿದ್ದವು. ಮಿಕ್ಕವನ್ನು ಎಣಿಸಿ ಅಲ್ಲೇ ಸುರಿಯುವುದು ರೂಢಿಯಾಗಿತ್ತು. ಕೊಬ್ಬಿನ ಅಂಶ ಹೀರಿಕೊಂಡಿರುವುದು, ಹೊಗೆಯ ಕರಿ ಅಂಟಿರುವುದು, ಬೆರಳಿನ ಗುರುತು ಉಳಿದಿರುವುದು ಹೆಚ್ಚಾಗಿ ಆ ಮಿಕ್ಕವುಗಳಲ್ಲಿ. ಸಂಗನಕಲ್ಲಿನಲ್ಲಿ ನಾನು ಇಟ್ಟು ಬಂದ ಚೂರು ಅಂಥದೇ ಒಂದು: ಅಂಚಿಲ್ಲ, ಬಣ್ಣವಿಲ್ಲ, ಒಳಮೈಯಲ್ಲಿ ಮೂರು ತಗ್ಗು.