ಮಾಲ್ಗುಡಿಯ ಹೆಸರಲ್ಲಿ ಉಳಿದ ಅರಸಾಳು

ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರ ಮನಸ್ಸಿನಲ್ಲಿ ಮಾಲ್ಗುಡಿ ಎಂಬ ಕಥೆಯ ಊರು ಹುಟ್ಟಿದ್ದೇ ರೈಲು ನಿಲ್ದಾಣದಿಂದ. 1930ರ ವಿಜಯದಶಮಿಯಂದು ಬೆಂಗಳೂರಿನಲ್ಲಿ ಬರೆಯಲು ಕುಳಿತಾಗ ಪುಟ್ಟದೊಂದು ಸ್ಟೇಷನ್ನು ಕಣ್ಣಿಗೆ ಕಟ್ಟಿತೆಂದು ಅವರೇ ಹೇಳಿಕೊಂಡಿದ್ದಾರೆ. ಸ್ವಾಮಿ ಎಂಬ ಹುಡುಗ, ಅವನ ಗೆಳೆಯರು, ಊರಿನ ಸರಯೂ ನದಿ ಎಲ್ಲ ಆಮೇಲೆ ಬಂದವು.

ಅದೇ ಕಾಲಕ್ಕೆ ಮಲೆನಾಡಿನಲ್ಲಿ ನಿಜವಾದ ಹಳಿಯೊಂದು ಮುಂದೆ ಸಾಗುತ್ತಿತ್ತು. ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದಾಚೆ ಆನಂದಪುರ, ಸಾಗರ ದಾಟಿ ಜೋಗದ ಸಮೀಪದ ತಾಳಗುಪ್ಪ ಮುಟ್ಟುವ ಹೊತ್ತಿಗೆ 1940 ಆಗಿತ್ತು. ಒಂದು ಮೀಟರ್ ಅಗಲದ ಹಳಿ, ಎರಡೂ ಬದಿಗೆ ಕಾಡು. ಆ ದಾರಿಯಲ್ಲಿ ಹೊಸನಗರ ತಾಲ್ಲೂಕಿನ ಅರಸಾಳು ಒಂದು ಸಣ್ಣ ನಿಲ್ದಾಣ. ರಿಪ್ಪನ್‌ಪೇಟೆ ಕಡೆಯವರು ರೈಲು ಹಿಡಿಯಲು ಇಲ್ಲಿಗೇ ಬರಬೇಕು.

ನಿರ್ದೇಶಕ ಶಂಕರ್ ನಾಗ್ ನಾರಾಯಣ್ ಅವರ ಕಥೆಗಳನ್ನು 'ಮಾಲ್ಗುಡಿ ಡೇಸ್' ಧಾರಾವಾಹಿಯಾಗಿ ತೆಗೆಯಲು ಹೊರಟಾಗ ಊರಿಗೆ ಆಗುಂಬೆ ಒದಗಿಬಂತು. ಆದರೆ ಆಗುಂಬೆಗೆ ರೈಲಿಲ್ಲ. ನಾರಾಯಣ್ ಅವರ ಮಾಲ್ಗುಡಿಗೋ ಸ್ಟೇಷನ್ನೇ ಜೀವ. ಹಾಗಾಗಿ ಆ ದೃಶ್ಯಗಳಿಗೆ ಅರಸಾಳು ಬೇಕಾಯಿತು. ಹಂಚಿನ ಮಾಡಿನ ಆ ಕಟ್ಟಡದ ಮುಂದೆ ಮಾಲ್ಗುಡಿಯ ಬೋರ್ಡು ನಿಂತಿತು. 1986ರಲ್ಲಿ ದೂರದರ್ಶನದಲ್ಲಿ ಧಾರಾವಾಹಿ ಬಂದಾಗ ದೇಶವೇ ಅದನ್ನು ನೋಡಿತು. ನಿಜದ ಹೆಸರು ಮಾತ್ರ ಸುತ್ತಲಿನವರಿಗಷ್ಟೇ ಗೊತ್ತಿತ್ತು.

ಮುಂದೆ ಈ ಮಾರ್ಗದ ಪ್ರಯಾಣಿಕರಿಗೆ ಉಳಿದದ್ದು ರೈಲ್‌ಬಸ್: ಹಳಿಯ ಮೇಲೆ ಓಡುವ ಬಸ್ಸಿನಂಥ ಒಂದೇ ಗಾಡಿ. ಅದೂ ನಿಂತು ಗೇಜ್ ಪರಿವರ್ತನೆ ನಡೆದು, 2011ರಲ್ಲಿ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಸಿದ್ಧವಾಯಿತು. ಅರಸಾಳಿಗೆ ಹೊಸ ಸ್ಟೇಷನ್ ಕಟ್ಟಡ ಬಂತು, ಹಳೆಯದು ಪಾಳುಬಿತ್ತು. ಹೀಗೆ ಪಾಳುಬಿದ್ದ ಸರ್ಕಾರಿ ಕಟ್ಟಡಗಳ ಗತಿ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಮೊದಲು ಹಂಚು ಹೋಗುತ್ತದೆ, ಮಳೆ ಒಳಗೆ ಇಳಿಯುತ್ತದೆ, ಆಮೇಲೆ ಗೋಡೆ.

ಇಲ್ಲಿ ಹಾಗಾಗಲಿಲ್ಲ. ನೈಋತ್ಯ ರೈಲ್ವೆ ಅದನ್ನು ದುರಸ್ತಿ ಮಾಡಿ 2020ರಲ್ಲಿ 'ಮಾಲ್ಗುಡಿ ಮ್ಯೂಸಿಯಂ' ಆಗಿಸಿತು. ಧಾರಾವಾಹಿಗೆ ಕಲಾ ನಿರ್ದೇಶಕರಾಗಿದ್ದ ಜಾನ್ ದೇವರಾಜ್ ಅವರೇ ಈ ಕೆಲಸಕ್ಕೂ ಕೈಹಾಕಿದರು. ಹಿಂದೆ ಸೆಟ್ಟಾಗಿ ಬಳಸಿದ ಕಟ್ಟಡವನ್ನು ಅದೇ ಕಲಾವಿದ ಮತ್ತೆ ನಿಲ್ಲಿಸಿದ್ದು ಬಹಳ ಅಪರೂಪ. ಪಕ್ಕದಲ್ಲಿ ಹಳೆಯ ಬೋಗಿಯೊಂದು ಚಹಾದಂಗಡಿಯಾಗಿ ನಿಂತಿದೆ. ಅದರ ಹೆಸರು 'ಮಾಲ್ಗುಡಿ ಚಾಯ್'.

ಕಥೆಯ ಊರೊಂದು ನಿಜದ ಊರಿನ ಕಟ್ಟಡವನ್ನು ಕಾಪಾಡಿತಲ್ಲ, ಅದು ನನಗೆ ತುಂಬ ಸಂತೋಷದ ಸಂಗತಿ. ಜೊತೆಗೊಂದು ಆಸೆಯೂ ಇದೆ. ಅರಸಾಳಿಗೆ ಸಿಕ್ಕ ಶಂಕರ್ ನಾಗ್ ಎಲ್ಲ ಸ್ಟೇಷನ್ನುಗಳಿಗೂ ಸಿಗುವುದಿಲ್ಲ. ಈ ಹಳಿಯ ಮೇಲೆ ದುಡಿದ ಗ್ಯಾಂಗ್‌ಮನ್‌ಗಳು, ಪಾಯಿಂಟ್ಸ್‌ಮನ್‌ಗಳು, ರೈಲ್‌ಬಸ್ಸಿನಲ್ಲಿ ಶಾಲೆಗೆ ಹೋದ ಮಕ್ಕಳು ಸಾಗರ, ಆನಂದಪುರದ ಮನೆಗಳಲ್ಲಿ ಈಗಲೂ ಸಿಕ್ಕಾರು. ಅವರ ನೆನಪು, ಅವರ ಪೆಟ್ಟಿಗೆಯಲ್ಲಿರಬಹುದಾದ ಫೋಟೊ, ಟಿಕೆಟ್ಟುಗಳನ್ನು ಈಗಲೇ ಕೇಳಿ ತಂದು, ಮ್ಯೂಸಿಯಂನಲ್ಲಿ ಸ್ವಾಮಿಯ ಚಿತ್ರಗಳ ಪಕ್ಕದಲ್ಲೇ ಇಡಬೇಕು.